ಮರಳುಗಾಡಿನ ಸೈನಿಕರನ್ನು ನೆನೆಯುವ ದಿನ: ಪೋಷಕರಿಗೆ ಪತ್ರ

ಸರ್ಕಾರಿ ಪ್ರೌಢಶಾಲೆ, ಮಂಡ್ಯ ತಾಲ್ಲೂಕು
24 ನವೆಂಬರ್ 2025

ಮಾನ್ಯ ಪೋಷಕರೇ,

ನಮಸ್ಕಾರ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ದೇಶದಾದ್ಯಂತ ನಡೆದುಕೊಂಡು ಬಂದಿದೆ. ಈ ಸಲ ಅದು ಭಾನುವಾರ ಬಿದ್ದಿರುವುದರಿಂದ ನಮ್ಮ ಶಾಲೆಯಲ್ಲಿ ಡಿಸೆಂಬರ್ 5ರ ಶುಕ್ರವಾರ ಬೆಳಿಗ್ಗೆ 10 ಗಂಟೆಗೆ ಇಟ್ಟುಕೊಂಡಿದ್ದೇವೆ. ಆ ದಿನವನ್ನೇ ಆರಿಸಲು ಇನ್ನೊಂದು ಕಾರಣವಿದೆ. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ರಾಜಸ್ಥಾನದ ಲೋಂಗೆವಾಲಾ ಕಾಳಗ ಶುರುವಾದದ್ದು ಡಿಸೆಂಬರ್ 4ರ ರಾತ್ರಿ, ಅದರ ಮುಖ್ಯ ಹೋರಾಟ ನಡೆದದ್ದು ಆ ರಾತ್ರಿ ಮತ್ತು 5ರ ಹಗಲು. ಈ ವರ್ಷ ಮಕ್ಕಳು ಓದುತ್ತಿರುವುದು ಮರಳುಗಾಡಿನಲ್ಲಿ ಸೇವೆ ಸಲ್ಲಿಸಿದ ಸೈನಿಕರ ಬಗ್ಗೆ.

ಮೊದಲು ಏನು ಬೇಡ ಅನ್ನುವುದನ್ನು ಹೇಳಿಬಿಡುತ್ತೇನೆ. ದಯವಿಟ್ಟು ಮಿಲಿಟರಿ ಡ್ರೆಸ್ಸನ್ನು ಬಾಡಿಗೆಗೆ ತರಬೇಡಿ. ಪ್ಲಾಸ್ಟಿಕ್ ಬಂದೂಕು ಕೊಡಿಸಬೇಡಿ. ಕೆಂಪು ಶಾಯಿ ಬಳಿದುಕೊಂಡು ವೇದಿಕೆಯ ಮೇಲೆ ಸಾಯುವುದು, ಕೆಳಗೆ ಸಿಳ್ಳೆ ಬೀಳುವುದು, ಇವೆಲ್ಲ ಬೇರೆ ಸಮಾರಂಭಗಳಲ್ಲಿ ನೋಡಿ ಸಾಕಾಗಿದೆ. ನಮ್ಮ ಶಾಲೆಯಲ್ಲೇ ತಂದೆಯೋ ಅಣ್ಣನೋ ಗಡಿಯಲ್ಲಿರುವ ಮಕ್ಕಳಿದ್ದಾರೆ. ಗೆಳೆಯರು ಸತ್ತಂತೆ ನಟಿಸುವುದನ್ನು ಆ ಮಕ್ಕಳು ಚಾಪೆಯ ಮೇಲೆ ಕೂತು ನೋಡಬೇಕಾಗುತ್ತದೆ. ಅದೊಂದು ಕಾರಣವೇ ಸಾಕು. ಭಾಷಣ ಸ್ಪರ್ಧೆಯೂ ಇರುವುದಿಲ್ಲ. ನಾನು ಹೇಳದಿದ್ದರೂ ನಿಮಗೆ ಗೊತ್ತು, ಯಾರೋ ಬರೆದುಕೊಟ್ಟ ಭಾಷಣವನ್ನು ಮಕ್ಕಳು ಉರು ಹೊಡೆದು ಒಪ್ಪಿಸುತ್ತವೆ, ಮಧ್ಯಾಹ್ನಕ್ಕೆ ಮರೆಯುತ್ತವೆ.

ಅದರ ಬದಲು ಮೂರು ವಾರದಿಂದ ಸಮಾಜ ವಿಜ್ಞಾನದ ಮೇಷ್ಟ್ರು ಒಂಬತ್ತನೇ ತರಗತಿಯವರಿಗೆ ನಿಜವಾಗಿ ಏನು ನಡೆಯಿತು ಅಂತ ಪಾಠ ಮಾಡುತ್ತಿದ್ದಾರೆ. ಲೋಂಗೆವಾಲಾ ಪಾಠದ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಜೈಸಲ್ಮೇರ್‌ನಿಂದ ಸುಮಾರು 120 ಕಿಲೋಮೀಟರ್ ದೂರದ ಗಡಿ ಠಾಣೆ ಅದು. ಅಲ್ಲಿದ್ದದ್ದು 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ, ಜೊತೆಗೆ ಗಡಿ ಭದ್ರತಾ ಪಡೆಯ ಕೆಲವರು ಮತ್ತು ಅವರ ಒಂಟೆಗಳು. ಮುಂದಾಳು ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ. ಎದುರಿಗೆ ಬಂದದ್ದು 40ಕ್ಕೂ ಹೆಚ್ಚು ಟ್ಯಾಂಕು, ಎರಡು ಸಾವಿರದಷ್ಟು ಸೈನಿಕರು. ಉಳಿದುಕೊಂಡು ಹೋರಾಡಬಹುದು, ಇಲ್ಲವೇ ರಾಮಗಢದ ಕಡೆಗೆ ಕಾಲ್ನಡಿಗೆಯಲ್ಲಿ ಹಿಂದೆ ಸರಿಯಬಹುದು ಎಂದು ಅವರಿಗೆ ಹೇಳಲಾಗಿತ್ತು. ಅವರು ಉಳಿದರು. ಜೈಸಲ್ಮೇರ್‌ನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳಿಗೆ ರಾತ್ರಿ ಹೊತ್ತು ಗುರಿಯಿಟ್ಟು ಹೊಡೆಯುವ ಸಾಧನ ಇರಲಿಲ್ಲ. ಹಾಗಾಗಿ ಬೆಳಕು ಹರಿಯುವ ತನಕ ಅಷ್ಟು ಜನವೇ ತಡೆದು ನಿಲ್ಲಬೇಕಿತ್ತು.

ತಡೆದದ್ದು ಹೇಗೆ ಅನ್ನುವುದೇ ಮಕ್ಕಳನ್ನು ಹಿಡಿದು ಕೂರಿಸಿದ್ದು. ಠಾಣೆಯ ಸುತ್ತ ಎಳೆದಿದ್ದ ಮುಳ್ಳುತಂತಿ ಕಂಡು, ಇಲ್ಲಿ ನೆಲಬಾಂಬ್ ಹೂತಿರಬೇಕು ಅಂತ ಎದುರಾಳಿಗಳು ನಿಂತುಬಿಟ್ಟರು. ಹುಡುಕುವುದರಲ್ಲೇ ಹೊತ್ತು ಹೋಯಿತು. ಟ್ಯಾಂಕುಗಳ ಮೇಲೆ ಕಟ್ಟಿ ತಂದಿದ್ದ ಇಂಧನದ ಡಬ್ಬಗಳಿಗೆ ಬೆಂಕಿ ಹತ್ತಿತು, ಆ ಬೆಳಕಿನಲ್ಲಿ ಉಳಿದ ಟ್ಯಾಂಕುಗಳು ಕಾಣಿಸಿಕೊಂಡವು. ಗಟ್ಟಿ ನೆಲ ಬಿಟ್ಟು ಪಕ್ಕಕ್ಕೆ ಹೋದವು ಮರಳಲ್ಲಿ ಹೂತುಕೊಂಡವು. ಬೆಳಗಾದ ಮೇಲೆ ವಿಮಾನಗಳು ಬಂದವು. ಅಡಗಲು ಒಂದು ಮರವೂ ಇಲ್ಲದ ಬಯಲಿನಲ್ಲಿ ಮುಂದೆ ಏನಾಯಿತು ಅಂತ ಮೇಷ್ಟ್ರು ಹೆಚ್ಚು ಬಣ್ಣಿಸಲಿಲ್ಲ. ಚಾಂದ್‌ಪುರಿಯವರಿಗೆ ಮಹಾವೀರ ಚಕ್ರ ಬಂತು, ಅವರು ತೀರಿಕೊಂಡದ್ದು 2018ರಲ್ಲಿ.

ಸಿನಿಮಾ ನೋಡಿಕೊಂಡು ಬಂದಿದ್ದ ಒಬ್ಬ ಹುಡುಗ ಕೇಳಿದ: "ನಮ್ಮವ್ರು ಎಷ್ಟು ಜನ ಸತ್ರು ಸಾರ್?" ಇಬ್ಬರು ಅಂದರು ಮೇಷ್ಟ್ರು. "ಬರೀ ಇಬ್ರೇನಾ?"

ಹುಡುಗನ ಮುಖದಲ್ಲಿ ನಿರಾಸೆ ಇತ್ತು. ಅವನನ್ನು ಬಯ್ಯಲು ಮನಸ್ಸು ಬರಲಿಲ್ಲ. ಸತ್ತವರ ಲೆಕ್ಕ ದೊಡ್ಡದಾದಷ್ಟೂ ಯುದ್ಧ ದೊಡ್ಡದು ಅಂತ ಅವನಿಗೆ ಕಲಿಸಿದವರು ನಾವು ದೊಡ್ಡವರೇ. ತನ್ನ ಕಂಪನಿಯ ಇಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ ಜೀವಸಹಿತ ಮನೆಗೆ ಕಳಿಸಿದ್ದು ಒಬ್ಬ ಅಧಿಕಾರಿಯ ದೊಡ್ಡ ಸಾಧನೆ ಅಂತ ನನಗೆ ಅನ್ನಿಸುತ್ತದೆ. ಈ ಕಾರ್ಯಕ್ರಮದಲ್ಲಿ ನಾನು ಮಕ್ಕಳಿಗೆ ಮುಟ್ಟಿಸಬೇಕು ಅಂದುಕೊಂಡಿರುವುದು ಇದನ್ನೇ: ಸೈನಿಕರನ್ನು ನೆನೆಯುವುದೆಂದರೆ ಅವರು ಏನು ಮಾಡಿದರು, ಏನು ಉಂಡರು, ಎಲ್ಲಿ ನೀರು ಕುಡಿದರು, ಯಾರು ವಾಪಸ್ ಬಂದರು ಅಂತ ತಿಳಿದುಕೊಳ್ಳುವುದು. ಜೈಕಾರ ಆಮೇಲೆ ಹಾಕಬಹುದು.

ನೀರಿನ ಮಾತು ಬಂದದ್ದರಿಂದ ನಮ್ಮದೇ ಸೀಮೆಯ ಕಥೆ ಹೇಳಬೇಕು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲಾನ್ಸರ್ಸನ್ನು ಕಳಿಸಿಕೊಟ್ಟರು. ಆಗ ಮಂಡ್ಯ ಅನ್ನುವ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ನಾವೆಲ್ಲ ಮೈಸೂರು ಜಿಲ್ಲೆಯವರು. ಸವಾರರು, ಕುದುರೆ ನೋಡಿಕೊಳ್ಳುವ ಕಾಸ್ತಾರರು, ಕುದುರೆಗಳು ಹಡಗು ಹತ್ತಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯ ಕಾವಲಿಗೆ ನಿಂತರು. ಜೋಧಪುರ, ಹೈದರಾಬಾದಿನ ಅಶ್ವಪಡೆಗಳೂ ಅದೇ ಬ್ರಿಗೇಡಿನಲ್ಲಿದ್ದವು. ಕಾಲುವೆಯಾಚೆಗೆ ಸಿನಾಯ್ ಮರಳುಗಾಡು. ಅದನ್ನು ದಾಟುವುದಕ್ಕೆ ಬ್ರಿಟಿಷ್ ಸೇನೆ ರೈಲು ಹಳಿ ಹಾಕಿತು, ಹಳಿಯ ಪಕ್ಕದಲ್ಲೇ ಈಜಿಪ್ಟಿನ ಸಿಹಿನೀರನ್ನು ಪೈಪಿನಲ್ಲಿ ಮೈಲುಗಟ್ಟಲೆ ಹರಿಸಿಕೊಂಡು ಹೋಯಿತು. ಪೈಪು ಎಲ್ಲಿಯವರೆಗೋ ಸೇನೆಯೂ ಅಲ್ಲಿಯವರೆಗೆ. ಒಂದು ಕುದುರೆಗೆ ದಿನಕ್ಕೆ 25-30 ಲೀಟರ್ ನೀರು ಬೇಕು. ನೂರಾರು ಕುದುರೆಗಳ ಪಡೆಗೆ ಎಷ್ಟಾಯಿತು ಅಂತ ಎಂಟನೇ ತರಗತಿಯವರು ಗಣಿತದ ಅವಧಿಯಲ್ಲಿ ಲೆಕ್ಕ ಹಾಕಿದ್ದಾರೆ, ಕೇಳಿ ನೋಡಿ.

ಅದೇ ವರ್ಷಗಳಲ್ಲಿ ಇಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆ ಏಳುತ್ತಿತ್ತು. ಕೆಲಸ ಶುರುವಾದದ್ದು 1911ರಲ್ಲಿ. ನಾಲೆಯ ನೀರು ನಮ್ಮ ಹೊಲಗಳಿಗೆ ಬರಲು ಇನ್ನೂ ಸುಮಾರು ಎರಡು ದಶಕ ಕಾಯಬೇಕಿತ್ತು. ನಮ್ಮ ಮುತ್ತಜ್ಜಂದಿರು ಇಲ್ಲಿ ಮಳೆ ನಂಬಿ ರಾಗಿ ಬಿತ್ತುತ್ತಿದ್ದ ಹೊತ್ತಿಗೆ ಅದೇ ಸೀಮೆಯ ಸವಾರರು ಅಲ್ಲಿ ಪೈಪಿನ ನೀರಿಗೆ ಸರದಿ ನಿಂತಿದ್ದರು. ಇದನ್ನು ಕೇಳಿದ ಮೇಲೆ ನಮ್ಮ ಮಕ್ಕಳಿಗೆ ಮರಳುಗಾಡು ಸ್ವಲ್ಪ ಹತ್ತಿರವಾಯಿತು.

ಮುಂದೆ ಇದೇ ಸವಾರರು ಹೈಫಾದಲ್ಲಿ ಕಾದಾಡಿದರು. ಅದು ಮರಳುಗಾಡಲ್ಲ, ಇಂದಿನ ಇಸ್ರೇಲಿನಲ್ಲಿ ಸಮುದ್ರದ ದಂಡೆಯ ಊರು, ಆಗ ತುರ್ಕರ ಕೈಯಲ್ಲಿತ್ತು. ಆದರೆ ಅಲ್ಲಿಗೆ ಹೋದ ದಾರಿ ಅದೇ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರು ಊರಿನ ಮೇಲೆ ಕುದುರೆ ನುಗ್ಗಿಸಿದರು. ಅವರ ಮೇಜರ್ ದಲ್ಪತ್ ಸಿಂಗ್ ಆ ದಿನವೇ ಮಡಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಕಡಿದಾದ ದಾರಿಯಲ್ಲಿ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಫಿರಂಗಿ ಮತ್ತು ಮೆಷಿನ್‌ಗನ್ನುಗಳ ಎದುರಿಗೆ ಇವರ ಕೈಯಲ್ಲಿದ್ದದ್ದು ಭರ್ಜಿ, ಕತ್ತಿ. ಎರಡೂ ಪಡೆ ಸೇರಿ 8 ಜನ ಸತ್ತರು, 34 ಜನ ಗಾಯಗೊಂಡರು, 60 ಕುದುರೆಗಳು ಸತ್ತವು. ಸೆರೆ ಸಿಕ್ಕವರು 1,350 ಮಂದಿ. ತಿಂಗಳು ಕಳೆದ ಮೇಲೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೋ ಹತ್ತಿರದ ಹರಿತಾನ್‌ನಲ್ಲಿ ಇದಕ್ಕಿಂತ ಹೆಚ್ಚು ಜನ ಸತ್ತರು. ಗೆದ್ದ ಊರಿನ ಹೆಸರು ಉಳಿಯಿತು, ಹರಿತಾನ್ ಹೆಸರು ಯಾರಿಗೂ ಗೊತ್ತಿಲ್ಲ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವ. ಅಷ್ಟು ದೂರ ಹೋಗಲಾಗದವರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಲಾನ್ಸರ್ಸ್ ಸ್ಮಾರಕವಿದೆ. ಜಂಬೂಸವಾರಿಯಲ್ಲಿ ಕುದುರೆಗಳನ್ನು ಕಂಡು ಕುಣಿಯುವ ನಮ್ಮ ಮಕ್ಕಳಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಮೇಷ್ಟ್ರುಗಳಲ್ಲೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ ಅನ್ನುವುದನ್ನು ಇಲ್ಲೇ ಸೇರಿಸಿಬಿಡುತ್ತೇನೆ.

ಒಬ್ಬ ಹುಡುಗಿ ಎದ್ದು ನಿಂತು, "ಅವ್ರು ಬ್ರಿಟಿಷ್ರಿಗೋಸ್ಕರ ತಾನೆ ಸತ್ತಿದ್ದು? ನಾವ್ಯಾಕೆ ನೆನಪಿಟ್ಕೋಬೇಕು?" ಅಂತ ಕೇಳಿದಳು. ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬರಬಹುದು. ದಯವಿಟ್ಟು ಬಾಯಿ ಮುಚ್ಚಿಸಬೇಡಿ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಅದು ಸಾಮ್ರಾಜ್ಯಗಳ ಯುದ್ಧ, ಹೋಗಬೇಕೋ ಬೇಡವೋ ಅಂತ ಸವಾರನನ್ನು ಯಾರೂ ಕೇಳಿರಲಿಲ್ಲ. ಯುದ್ಧ ಯಾರದ್ದು ಅಂತ ವಿಚಾರಿಸುವುದು ಒಂದು, ಅದರಲ್ಲಿ ಸತ್ತವನನ್ನು ಮರೆಯುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ನಾನು ಅವಳಿಗೆ ಹೇಳಿದೆ. ಅವಳಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. 5ನೇ ತಾರೀಖು ವೇದಿಕೆಯ ಮೇಲೇ ಈ ಪ್ರಶ್ನೆಯನ್ನು ಓದಲು ಒಪ್ಪಿಸಿದ್ದೇನೆ.

ಇದೇ ಯುದ್ಧದಲ್ಲಿ ಮೆಸೊಪೊಟೇಮಿಯಾ, ಅಂದರೆ ಇಂದಿನ ಇರಾಕಿನಲ್ಲಿ ಸತ್ತ 40 ಸಾವಿರಕ್ಕೂ ಹೆಚ್ಚು ಜನರಿಗೆ ಬಸ್ರಾ ಹತ್ತಿರ ಸ್ಮಾರಕವಿದೆ. ಬ್ರಿಟಿಷರ ಹೆಸರು, ಭಾರತೀಯ ಅಧಿಕಾರಿಗಳ ಹೆಸರು ಕಲ್ಲಿನ ಮೇಲಿದೆ. ಸಾಮಾನ್ಯ ಭಾರತೀಯ ಸಿಪಾಯಿಗೆ ಹೆಸರಿಲ್ಲ, ಆಯಾ ರೆಜಿಮೆಂಟಿನ ಕೆಳಗೆ ಇಷ್ಟು ಮಂದಿ ಅಂತ ಒಂದು ಸಂಖ್ಯೆ. ಮಕ್ಕಳಿಗೆ ಇದನ್ನು ಹೇಳಿದಾಗ ತರಗತಿಯಲ್ಲಿ ಸಿಟ್ಟು ಬಂತು. ನನಗೂ ಬಂದಿತ್ತು.

ಗುಂಡು ಹಾರಿದಾಗ ಮಾತ್ರ ಸೈನಿಕರು ಸಾಯುತ್ತಾರೆ ಅನ್ನುವುದೂ ನಿಜವಲ್ಲ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ರಾಜಸ್ಥಾನದಿಂದ ಕಾಶ್ಮೀರದವರೆಗೆ ಸೇನೆ ಗಡಿಯಲ್ಲಿ ಹತ್ತು ತಿಂಗಳು ನಿಂತಿತು. ಯುದ್ಧ ಆಗಲಿಲ್ಲ. ಆದರೂ ನೆಲಬಾಂಬ್ ಹೂಳುವಾಗ, ತೆಗೆಯುವಾಗ, ವಾಹನ ಅಪಘಾತಗಳಲ್ಲಿ ನೂರಾರು ಸೈನಿಕರು ಜೀವ ಕಳೆದುಕೊಂಡರು. ಅವರ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ.

ಇನ್ನು 5ನೇ ತಾರೀಖಿನ ಅತಿಥಿಗಳ ವಿಷಯ. ನಮ್ಮ ಸುತ್ತಮುತ್ತಲಿನ ಇಬ್ಬರು ಮಾಜಿ ಸೈನಿಕರು ಬರಲು ಒಪ್ಪಿದ್ದಾರೆ. ಒಬ್ಬರು ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಎಂಜಿನಿಯರ್ ಪಡೆಯಲ್ಲಿ, ತರಬೇತಿ ಪಡೆದವರು, ಸೇತುವೆ ಕಟ್ಟುವುದು, ದಾರಿ ಮಾಡುವುದು ಅವರ ಕೆಲಸವಾಗಿತ್ತು. ಇನ್ನೊಬ್ಬರು ಸೇನೆಗೆ ಸಾಮಾನು ಪೂರೈಸುವ ಎಎಸ್‌ಸಿಯಲ್ಲಿ ಲಾರಿ ಚಾಲಕರಾಗಿ ಜೈಸಲ್ಮೇರ್ ಕಡೆ ನೀರು, ರೇಷನ್ ಸಾಗಿಸಿದವರು. "ನಾನೇನು ಯುದ್ಧ ಮಾಡಿಲ್ಲ ಮೇಡಂ, ಬರೀ ಟ್ಯಾಂಕರ್ ಓಡಿಸ್ದೋನು" ಅಂತ ಅವರು ಸಂಕೋಚಪಟ್ಟರು. ಅದಕ್ಕೇ ಬನ್ನಿ ಅಂದೆ. ಹಗಲಿನಲ್ಲಿ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವುದು, ರಾತ್ರಿ ಎರಡು ಕಂಬಳಿ ಹೊದ್ದರೂ ಸಾಲದೆ ಇರುವುದು, ಗಾಳಿ ಎದ್ದರೆ ಬೆಳಿಗ್ಗೆ ಬಂದ ದಾರಿಯೇ ಸಂಜೆಗೆ ಕಾಣದಿರುವುದು, ಟಯರಿನ ಗಾಳಿ ಇಳಿಸಿಕೊಂಡು ಮರಳಿನ ಮೇಲೆ ಓಡಿಸುವುದು, ಹೀಗೆ ಫೋನಿನಲ್ಲೇ ಅರ್ಧ ಗಂಟೆ ಹೇಳಿದರು.

ಅವರನ್ನು "ಎಷ್ಟು ಜನರನ್ನ ಕೊಂದ್ರಿ" ಅಂತ ಮಾತ್ರ ಯಾರೂ ಕೇಳಬಾರದು. ಮಕ್ಕಳಿಗೆ ಹೇಳಿದ್ದೇವೆ, ದೊಡ್ಡವರಿಗೂ ಹೇಳುತ್ತಿದ್ದೇನೆ. ಅವರು ಮಾತು ನಿಲ್ಲಿಸಿ ಸುಮ್ಮನಾದರೆ ಕಾಯೋಣ. ಇನ್ನೊಂದು ವಿಷಯ: 2019ರ ಪುಲ್ವಾಮಾ ದಾಳಿಯಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧ ಗುರು ಅವರನ್ನು ಕಳೆದುಕೊಂಡದ್ದು ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಿದೆ. ಅವರ ಭಾವಚಿತ್ರ ವೇದಿಕೆಯಲ್ಲಿರುತ್ತದೆ. ಅಂಥ ಮನೆಗಳವರನ್ನು ಕರೆದು ಮೈಕು ಕೊಟ್ಟು ಅಳಿಸುವ ರೂಢಿ ನಮ್ಮಲ್ಲಿ ಬೇಡ ಅಂತ ಎಸ್‌ಡಿಎಂಸಿ ಸಭೆಯಲ್ಲಿ ತೀರ್ಮಾನಿಸಿದ್ದೇವೆ.

ಯಾವುದೇ ಧರ್ಮದವರನ್ನು, ಪಕ್ಕದ ದೇಶದ ಹೆಸರಿನಲ್ಲಿ ನಮ್ಮ ಮಕ್ಕಳಲ್ಲೇ ಯಾರನ್ನಾದರೂ ಚುಚ್ಚುವ ಘೋಷಣೆ, ವಾಟ್ಸಾಪ್ ಸ್ಟೇಟಸ್ ಬೇಡ. ಮೈಸೂರು ಲಾನ್ಸರ್ಸಿನಲ್ಲಿ ಅರಸರಿದ್ದರು, ಮರಾಠರಿದ್ದರು, ಮುಸ್ಲಿಮರಿದ್ದರು.

ನಿಮ್ಮಿಂದ ಬೇಕಾದದ್ದು ಇಷ್ಟು. ಮನೆಯಲ್ಲಿ, ನೆಂಟರಲ್ಲಿ ಯಾರಾದರೂ ಸೇನೆಯಲ್ಲಿದ್ದರೆ, ಇದ್ದಿದ್ದರೆ, ಅವರ ಹೆಸರು, ಊರು, ಯಾವ ಕೆಲಸ, ಎಲ್ಲೆಲ್ಲಿ ಇದ್ದರು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಮಕ್ಕಳ ಕೈಲಿ ಕಳಿಸಿ. ಅಡುಗೆಯವರು, ಕ್ಷೌರಿಕರು, ಗುಮಾಸ್ತರು, ಯಾರಾಗಿದ್ದರೂ ಸರಿ. ಈಗ ಕರ್ತವ್ಯದಲ್ಲಿರುವವರಾದರೆ ಎಲ್ಲಿದ್ದಾರೆ ಅನ್ನುವುದನ್ನು ಬರೆಯಬೇಡಿ, ಹೆಸರು ಸಾಕು. ಹಳೇ ಫೋಟೊ, ಪತ್ರ, ಪದಕ ಇದ್ದರೆ ನೀವೇ ತಂದು ತೋರಿಸಿ ವಾಪಸ್ ತೆಗೆದುಕೊಂಡು ಹೋಗಿ, ಮಕ್ಕಳ ಬ್ಯಾಗಿನಲ್ಲಿ ಕಳಿಸಬೇಡಿ. ಬಂದ ಹೆಸರುಗಳನ್ನೆಲ್ಲ ಹತ್ತನೇ ತರಗತಿಯವರು ದಪ್ಪ ರಿಜಿಸ್ಟರಿನಲ್ಲಿ ಬರೆದು ಗ್ರಂಥಾಲಯದಲ್ಲಿ ಇಡುತ್ತಾರೆ, ಕಾರ್ಯಕ್ರಮದ ದಿನ ಒಂದೊಂದಾಗಿ ಓದುತ್ತಾರೆ. ಹೆಸರು ಬೇಡ ಅನ್ನುವ ಮನೆಯವರು ತರಗತಿ ಶಿಕ್ಷಕರಿಗೆ ಒಂದು ಮಾತು ತಿಳಿಸಿದರೆ ಸಾಕು, ಕಾರಣ ಕೇಳುವುದಿಲ್ಲ.

ಧ್ವಜ ದಿನದ ಡಬ್ಬಿ ಆಫೀಸಿನ ಮುಂದೆ ಇರುತ್ತದೆ. ಕೂಡಿದ ಹಣವನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಕಟ್ಟಿ ರಸೀದಿಯನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಡಬ್ಬಿಗೆ ಹಣ ಹಾಕಲೇಬೇಕೆಂದಿಲ್ಲ, ಮಗುವಿಗೆ ದುಡ್ಡು ಕೊಡಲು ಆಗದ ಮನೆಯವರು ಮುಜುಗರ ಪಡಬೇಡಿ. ಯಾರು ಎಷ್ಟು ಹಾಕಿದರು ಅಂತ ಬರೆದುಕೊಳ್ಳುವುದಿಲ್ಲ.

ಇದು ಭತ್ತದ ಕೊಯ್ಲು, ಕಬ್ಬು ಕಡಿಯುವ ಕಾಲ ಅನ್ನುವುದು ಗೊತ್ತಿದೆ. ಬರಲಾಗದವರು ಸಂಕೋಚ ಪಟ್ಟುಕೊಳ್ಳಬೇಕಿಲ್ಲ. ಬರುವವರು ಹತ್ತಕ್ಕೆ ಐದು ನಿಮಿಷ ಮುಂಚೆ ಬಂದರೆ ಚೆನ್ನ, ಶಾಮಿಯಾನ ಹಾಕಿಸುತ್ತಿಲ್ಲ, ಮಾವಿನ ಮರದ ಕೆಳಗೆ ಕೂರುತ್ತೇವೆ. ಹಾರ, ಶಾಲು ಇರುವುದಿಲ್ಲ. ಬೈಕುಗಳನ್ನು ಗೇಟಿನ ಹೊರಗೆ ನಿಲ್ಲಿಸಿ. ಬಿಸಿಯೂಟ ಎಂದಿನಂತೆ, ಅತಿಥಿಗಳೂ ಮಕ್ಕಳ ಜೊತೆಗೇ ಉಣ್ಣುತ್ತಾರೆ. ಮಧ್ಯಾಹ್ನದ ಪಾಠಗಳು ನಡೆಯುತ್ತವೆ, ಹತ್ತನೇ ತರಗತಿಯವರನ್ನು ಅರ್ಧ ದಿನಕ್ಕೆ ಮನೆಗೆ ಕರೆದುಕೊಂಡು ಹೋಗಬೇಡಿ. ಹೆಸರಿನ ಹಾಳೆಗಳು ಡಿಸೆಂಬರ್ 1ರ ಸೋಮವಾರದೊಳಗೆ ತಲುಪಲಿ.

ಇಂತಿ,
ಮುಖ್ಯೋಪಾಧ್ಯಾಯಿನಿ