ಕಷ್ಟ ಹೇಳಿಕೊಳ್ಳಲು ಒಂದು ಸ್ಪ್ಯಾನಿಷ್ ಮಾತು

ವಲೆನ್ಸಿಯಾ, ಸ್ಪೇನ್

ಪ್ರೀತಿಯ ಪುಟ್ಟಿಗೆ,

ನೀನು ಸ್ಪ್ಯಾನಿಷ್ ಶುರು ಮಾಡಿದ್ದೀಯ ಅಂತ ಅಮ್ಮ ಹೇಳಿದರು. ಊಟ ತಿಂಡಿ, ಬಣ್ಣ, ವಾರದ ಹೆಸರು ಎಲ್ಲ ಕಲಿ. ಜೊತೆಗೆ ಇದೊಂದನ್ನು ಬಾಯಿಪಾಠ ಮಾಡಿಕೊಂಡೇ ವಿಮಾನ ಹತ್ತು: ‘ಲೊ ಎಸ್ತೊಯ್ ಪಸಾಂದೊ ಮಾಲ್’. ಈಗ ಕಷ್ಟದಲ್ಲಿದ್ದೇನೆ, ದಿನ ಸರಿಯಾಗಿ ಹೋಗುತ್ತಿಲ್ಲ ಅಂತ. ಮನಸ್ಸು ಕುಗ್ಗಿದರೂ ಇದೇ, ಕೆಲಸ ಹೋದರೂ ಇದೇ.

ಉಚ್ಚಾರದಲ್ಲಿ ನಮಗೆ ಅನುಕೂಲವಿದೆ. ‘ತೊಯ್’ಗೆ ನಮ್ಮ ‘ತ’, ‘ದೊ’ಗೆ ನಮ್ಮ ‘ದ’ ಸಾಕು. ಇಂಗ್ಲಿಷ್ ಅಭ್ಯಾಸದಲ್ಲಿ ‘ಟ’, ‘ಡ’ ಹಾಕಬೇಡ. ಒತ್ತು ‘ತೊಯ್’, ‘ಸಾಂ’, ‘ಮಾಲ್’ ಮೇಲೆ.

ಮೊದಲಿನ ‘ಲೊ’ ಬಿಡಬೇಡ. ಎಲ್ಲರೂ ಎಡವುವುದು ಅಲ್ಲೇ. ಅದಕ್ಕೆ ‘ಅದನ್ನು’ ಅಂತ ಅರ್ಥ. ಯಾವುದನ್ನು ಅಂತ ಯಾರೂ ಕೇಳುವುದಿಲ್ಲ, ಆದರೆ ಅದಿಲ್ಲದಿದ್ದರೆ ಇಲ್ಲಿಯವರಿಗೆ ವಾಕ್ಯ ಅರ್ಧಕ್ಕೇ ನಿಂತಂತೆ. ಮೆಕ್ಸಿಕೊ, ಅರ್ಜೆಂಟೀನಾದವರ ಬಾಯಲ್ಲಿ ಅದು ‘ಲಾ’ ಆಗುತ್ತದೆ, ಗಾಬರಿಯಾಗಬೇಡ. ಬೇರೆಯವರ ಬಗ್ಗೆ ಹೇಳುವಾಗ ‘ಲೊ ಎಸ್ತಾ ಪಸಾಂದೊ ಮಾಲ್’. ಮುಗಿದುಹೋದ ಕಷ್ಟಕ್ಕೆ ‘ಲೊ ಪಸೇ ಮಾಲ್’.

‘ಸೊಯ್ ಮಾಲಾ’ ಅಂತ ಮಾತ್ರ ಅನ್ನಬೇಡ, ನಾನು ಕೆಟ್ಟವಳು ಅಂತಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ‘ಇರು’ ಎನ್ನಲು ಎರಡು ಕ್ರಿಯಾಪದ: ಸ್ವಭಾವಕ್ಕೆ ‘ಸೇರ್’, ಸದ್ಯದ ಸ್ಥಿತಿಗೆ ‘ಎಸ್ತಾರ್’. ‘ಎಸ್ತೊಯ್ ಮಾಲಾ’ ಅಂದರೆ ಸ್ಪೇನ್‌ನಲ್ಲಿ ಹುಷಾರಿಲ್ಲ ಅಂತ.

ಆರೋಗ್ಯ ಕೇಂದ್ರಕ್ಕೆ ಹೋದರೆ ‘ಮೆ ಎನ್‌ಕ್ವೆಂತ್ರೊ ಮಾಲ್’ ಅನ್ನು, ಮೈಗೆ ಸರಿಯಿಲ್ಲ ಅಂತ. ನೋವಿರುವ ಜಾಗಕ್ಕೆ ಬೆರಳಿಟ್ಟು ‘ಮೆ ದ್ವೇಲೆ ಅಕೀ’. ಅಲ್ಲಿ ಯಾರಾದರೂ ‘ಎಸ್ತೊಯ್ ಕೊನ್ಸ್ತಿಪಾದೊ’ ಅಂದರೆ ಮಲಬದ್ಧತೆ ಅಲ್ಲ, ಬರೀ ನೆಗಡಿ. ತೀರಾ ತುರ್ತಾದರೆ 112ಕ್ಕೆ ಫೋನ್ ಮಾಡು.

ಬಾಡಿಗೆ ತಡವಾದಾಗ ಮನೆ ಓನರ್ ಹತ್ತಿರ ಬರೀ ಕಷ್ಟ ಹೇಳಿ ಸುಮ್ಮನಾದರೆ ಕೆಲಸ ಆಗುವುದಿಲ್ಲ. ಕಷ್ಟ ಒಂದು ವಾಕ್ಯ, ತಾರೀಖು ಸಮೇತ ಕೋರಿಕೆ ಇನ್ನೊಂದು: ‘ಎಸ್ತೊಯ್ ಪಸಾಂದೊ ಉನಾ ಮಾಲಾ ರಾಚಾ. ಪ್ವೇದೊ ಪಗಾರ್ಲೆ ಲಾ ಮಿತಾದ್ ಅಓರಾ, ಇ ಲಾ ಓತ್ರಾ ಮಿತಾದ್ ಎಲ್ ದೀಯಾ ಕಿನ್ಸೆ?’ ಸದ್ಯ ಟೈಮ್ ಸರಿಯಿಲ್ಲ, ಅರ್ಧ ಈಗ, ಉಳಿದರ್ಧ 15ಕ್ಕೆ ಕೊಡಲೇ ಅಂತ. ಇಲ್ಲಿ ‘ಲೊ’ ಜಾಗದಲ್ಲಿ ‘ಮಾಲಾ ರಾಚಾ’ ಕೂತಿದೆ, ಅದಕ್ಕೇ ‘ಲೊ’ ಇಲ್ಲ. ‘ಪಗಾರ್ಲೆ’ಯ ‘ಲೆ’ ಅಂದರೆ ‘ನಿಮಗೆ’. ‘ಪಗಾರ್ತೆ’ ಅಂದರೆ ‘ನಿನಗೆ’. ಅಂಗಡಿಯಲ್ಲೂ ಏಕವಚನ ನಡೆಯುವ ದೇಶ ಇದು, ಆದರೂ ವಯಸ್ಸಾದ ಓನರ್‌ಗೆ ಬಹುವಚನವೇ ಇರಲಿ. ಒಪ್ಪಿದರೆ ಅದನ್ನೇ ಮೆಸೇಜ್‌ನಲ್ಲಿ ಬರೆಸಿಕೋ. ಮನೆ ಬಾಡಿಗೆಗೆ ಹಿಡಿಯುವಾಗ ಕಟ್ಟುವ ‘ಫಿಯಾನ್ಸಾ’, ಅಂದರೆ ಕಾನೂನಿನಲ್ಲೇ ಇರುವ ಒಂದು ತಿಂಗಳ ಅಡ್ವಾನ್ಸ್, ಅದರಲ್ಲಿ ಮುರಿದುಕೊಳ್ಳಿ ಅನ್ನಬೇಡ. ಒಪ್ಪಬೇಕೆಂಬ ನಿಯಮ ಅವರಿಗಿಲ್ಲ.

ಗೆಳತಿಯರ ಹತ್ತಿರ ‘ನೊ ಯೇಗೊ ಆ ಫಿನ್ ದೆ ಮೆಸ್’ ಸಾಕು: ಸಂಬಳ ತಿಂಗಳ ಕೊನೆಯ ತನಕ ಸಾಲುತ್ತಿಲ್ಲ. ಕುತ್ತಿಗೆ ಮಟ್ಟ ನೀರು ಬಂದಿದೆ ಎನ್ನುವ ‘ಕೊನ್ ಎಲ್ ಆಗ್ವಾ ಅಲ್ ಕ್ವೇಯೊ’ ಕೂಡ ಚಾಲ್ತಿಯಲ್ಲಿದೆ. ಆದರೆ 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಪಕ್ಕದ ಪಾಯ್ಪೋರ್ತಾದಂಥ ಊರುಗಳಲ್ಲಿ ಮನೆಮಂದಿಯನ್ನೇ ಕಳೆದುಕೊಂಡವರಿದ್ದಾರೆ. ಈ ಊರಲ್ಲಿ ಆ ಮಾತು ನಿನ್ನ ಬಾಯಲ್ಲಿ ಬರುವುದು ಬೇಡ.

ಕೇಳಿದವರು ‘ಆನಿಮೊ’ ಅನ್ನುತ್ತಾರೆ, ಧೈರ್ಯವಾಗಿರು ಅಂತ. ‘ಗ್ರಾಸಿಯಾಸ್’ ಅಂದು, ಬೇಕಾದ್ದನ್ನು ಆಗಲೇ ಕೇಳಿಬಿಡು. ಕೇಳದೆ ತಾವಾಗಿ ಮೇಲೆ ಬಿದ್ದು ಮಾಡುವವರು ಇಲ್ಲೂ ಕಡಿಮೆ.

ಬಾಡಿಗೆಯ ಆ ಎರಡು ವಾಕ್ಯ ಓದಿ ವಾಯ್ಸ್ ಮೆಸೇಜ್ ಕಳಿಸು, ತಿದ್ದಿಕೊಡುತ್ತೇನೆ. ಅಪ್ಪ ಅಮ್ಮನಿಗೆ ನಮಸ್ಕಾರ.

ನಿನ್ನ ಅಕ್ಕ