ಇಲ್ಲಿನ ಟಿವಿ, ಇಲ್ಲಿನ ಮಂತ್ರಿಗಳು

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಪ್ಪನಿಗೆ, ಮಗಳ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮನ ಮಂಡಿ ನೋವು ಈಗ ಹೇಗಿದೆ? ವ್ಯಾಯಾಮ ನಿಲ್ಲಿಸಬೇಡಿ ಅಂತ ಹೇಳಿ. ನೋವು ಕಮ್ಮಿಯಾದ ಮೇಲೂ ಮಾಡಬೇಕು.

ಹೋದ ಸಲ ಫೋನಿನಲ್ಲಿ ಕೇಳಿದಿರಿ, "ಅಲ್ಲಿ ಟಿವಿಯಲ್ಲಿ ಪ್ರಧಾನಿಯನ್ನೇ ಗೇಲಿ ಮಾಡ್ತಾರಂತೆ, ಯಾರೂ ಏನೂ ಅನ್ನಲ್ವಾ?" ಅಂತ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಂದ ಹೊಸತರಲ್ಲಿ ನನಗೆ ಇಂಥ ಕಾರ್ಯಕ್ರಮ ಒಂದೂ ಅರ್ಥವಾಗುತ್ತಿರಲಿಲ್ಲ. ತೊಂದರೆ ಇಂಗ್ಲಿಷಿನದ್ದಲ್ಲ. ವಾರ್ಡಿನಲ್ಲಿ ಇಡೀ ದಿನ ಅದೇ ಮಾತಾಡುತ್ತೇನೆ. ಯಾರನ್ನು ನೋಡಿ ನಗುತ್ತಿದ್ದಾರೆ, ಯಾಕೆ ನಗುತ್ತಿದ್ದಾರೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಮಾಸ್ಟರ್ ಹಿರಣ್ಣಯ್ಯನವರ ನಾಟಕಕ್ಕೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದಿರಲ್ಲ, ಅಲ್ಲಿ ಅವರು ಮುಂದೆ ಬಂದು ನಿಂತು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಇಲ್ಲಿ ಹಾಗಲ್ಲ. ಮುಖದ ಒಂದು ಗೆರೆಯೂ ಕದಲದೆ, ತುಂಬಾ ಮರ್ಯಾದೆಯಿಂದ ಒಂದು ಮಾತು ಹೇಳುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಕೌನ್ಸಿಲ್ ಆಫೀಸಿನಲ್ಲಿದ್ದು ರಿಟೈರ್ ಆದವರು. ಅವರೇ "ಮೊದಲು ಇದನ್ನು ನೋಡು" ಅಂತ 'ಯೆಸ್ ಮಿನಿಸ್ಟರ್' ತೋರಿಸಿದರು. 1980ರಲ್ಲಿ ಬಿಬಿಸಿಯಲ್ಲಿ ಶುರುವಾದದ್ದು. ಜಿಮ್ ಹ್ಯಾಕರ್ ಅಂತ ಒಬ್ಬ ಮಂತ್ರಿ, ಸರ್ ಹಂಫ್ರಿ ಅಂತ ಅವನ ಇಲಾಖೆಯ ಕಾರ್ಯದರ್ಶಿ. ಮಂತ್ರಿ ಏನಾದರೂ ಮಾಡಬೇಕು ಅಂತಾನೆ. ಕಾರ್ಯದರ್ಶಿ "ಆಗಲಿ ಸ್ವಾಮಿ" ಅಂತಲೇ ಅದು ಆಗದ ಹಾಗೆ ನೋಡಿಕೊಳ್ಳುತ್ತಾನೆ. ಸಮಿತಿ ಮಾಡುವುದು, ಷರಾ ಬರೆದು ಫೈಲು ವಾಪಸ್ ಕಳಿಸುವುದು, ಮಂತ್ರಿ ಓದಬಾರದ ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಇಡುವುದು. ಅಪ್ಪ, ತಾಲ್ಲೂಕು ಆಫೀಸಿನಿಂದ ಬಂದು ಊಟಕ್ಕೆ ಕೂತಾಗ ನೀವು ಹೇಳುತ್ತಿದ್ದ ಕಥೆಗಳೇ! ಅಜ್ಜ ವಿವರಿಸುವ ಮೊದಲೇ ನಾನು ನಕ್ಕೆ.

ಅದರಲ್ಲಿ ಒಂದು ಆಸ್ಪತ್ರೆಯ ಕಂತಿದೆ. ಹೊಸ ಆಸ್ಪತ್ರೆ. ಆಡಳಿತ ಮತ್ತು ಇತರ ಕೆಲಸಕ್ಕೆ 500 ಜನ. ಡಾಕ್ಟರಿಲ್ಲ, ನರ್ಸಿಲ್ಲ, ಒಬ್ಬ ರೋಗಿಯೂ ಇಲ್ಲ. ಆದರೂ ಎಲ್ಲರಿಗೂ ಕೈತುಂಬ ಕೆಲಸ! ದೇಶದಲ್ಲೇ ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆಗಳಲ್ಲಿ ಒಂದು ಅಂತ ಅದನ್ನು ಹೊಗಳುತ್ತಾರೆ. ನರ್ಸ್ ಆಗಿ ಅದನ್ನು ನೋಡಿದಾಗ ನಗುವಿನ ಜೊತೆ ಸಿಟ್ಟೂ ಬಂತು. ನಾಲ್ಕು ದಶಕ ಹಳೆಯದು, ಒಂದು ಮಾತೂ ಹಳತಾಗಿಲ್ಲ. ಇದರಲ್ಲಿ ಹ್ಯಾಕರ್ ಯಾವ ಪಕ್ಷದವನು ಅಂತ ಕೊನೆಯವರೆಗೂ ಹೇಳುವುದಿಲ್ಲ. ಅದು ಒಬ್ಬ ಮನುಷ್ಯನ ಮೇಲಿನ ಗೇಲಿಯಲ್ಲ, ಆ ಕುರ್ಚಿಯ ಮೇಲಿನದ್ದು. ಅದಕ್ಕೇ ಹೊರಗಿನವಳಾದ ನನಗೂ ತಲುಪಿತು. 2001ರಲ್ಲಿ ಹಿಂದಿಯಲ್ಲೂ 'ಜೀ ಮಂತ್ರೀಜಿ' ಅಂತ ಮಾಡಿದ್ದರು, ಫಾರೂಕ್ ಶೇಖ್ ಮಂತ್ರಿ.

'ಸ್ಪಿಟಿಂಗ್ ಇಮೇಜ್' ಮಾತ್ರ ನನಗೆ ಕಷ್ಟವಾಯಿತು. 1984ರಿಂದ 1996ರವರೆಗೆ ಐಟಿವಿಯಲ್ಲಿ ಬಂದ ರಬ್ಬರ್ ಗೊಂಬೆಗಳ ಕಾರ್ಯಕ್ರಮ. ಆಗ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಗೊಂಬೆಗೆ ಗಂಡಸರ ಸೂಟು. ಡೇವಿಡ್ ಓವನ್ ಅನ್ನುವ ನಾಯಕನ ಜೇಬಿನಲ್ಲಿ ಅವನ ಮಿತ್ರಪಕ್ಷವಾದ ಲಿಬರಲ್ ಪಕ್ಷದ ನಾಯಕ ಡೇವಿಡ್ ಸ್ಟೀಲ್, ಅಂಗೈ ಅಗಲದ ಗೊಂಬೆ. ಆ ಕಾಲದ ಮುಖಗಳು, ಜಗಳಗಳು ಗೊತ್ತಿಲ್ಲದಿದ್ದರೆ ಸುಮ್ನೆ ಗೊಂಬೆಯಾಟ ಅಷ್ಟೆ. ಆದರೆ ಆ ಗೊಂಬೆ ತನ್ನ ಹೆಸರಿಗೆ ಪೆಟ್ಟು ಕೊಟ್ಟಿತು ಅಂತ ಸ್ಟೀಲ್ ಅವರಿಗೇ ಅನ್ನಿಸಿತ್ತು.

ಈಗ ನಿಮ್ಮ ಪ್ರಶ್ನೆ. ಏನಾದರೂ ಅನ್ನುವುದಿರಲಿ, ರಾಜಕಾರಣಿಗಳೇ ಬಂದು ಕೂರುತ್ತಾರೆ! 'ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯು' ಅಂತ ವಾರದ ಸುದ್ದಿಯ ಮೇಲಿನ ಒಂದು ಹಾಸ್ಯದ ಕ್ವಿಜ್ ಇದೆ, 1990ರಿಂದ ನಡೆಯುತ್ತಿದೆ. ಸಂಸದರೂ ಅತಿಥಿಗಳಾಗಿ ಬಂದು ಬೈಸಿಕೊಂಡು ಹೋಗುತ್ತಾರೆ. 1993ರಲ್ಲಿ ರಾಯ್ ಹ್ಯಾಟರ್ಸ್ಲಿ ಅನ್ನುವ ಲೇಬರ್ ನಾಯಕರು ಬರುತ್ತೇನೆ ಅಂದು ಬರಲಿಲ್ಲ. ಅವರ ಜಾಗದಲ್ಲಿ ಹಂದಿ ಕೊಬ್ಬಿನ ಡಬ್ಬ ಇಟ್ಟು ಕಾರ್ಯಕ್ರಮ ನಡೆಸಿದರು. ಥ್ಯಾಚರ್‌ಗೆ 'ಯೆಸ್ ಮಿನಿಸ್ಟರ್' ಎಷ್ಟು ಇಷ್ಟ ಅಂದರೆ, 1984ರಲ್ಲಿ ಒಂದು ಸಮಾರಂಭದಲ್ಲಿ ಅದೇ ನಟರ ಜೊತೆ ನಿಂತು ಪುಟ್ಟ ಪ್ರಹಸನ ಆಡಿದರು. ಅರ್ಥಶಾಸ್ತ್ರಜ್ಞರನ್ನೆಲ್ಲ ರದ್ದು ಮಾಡಿ ಅಂತ ಪ್ರಧಾನಿ ಕೇಳುವ ಪ್ರಹಸನ.

ಇದೇ ನನ್ನನ್ನು ಕಾಡುವುದು ಅಪ್ಪ. ಗೇಲಿಗೆ ಗುರಿಯಾದವರೇ ಚಪ್ಪಾಳೆ ತಟ್ಟಿದರೆ ಏಟು ಬಿತ್ತು ಅನ್ನಬಹುದಾ? ಥ್ಯಾಚರ್‌ಗೆ ಅದರಲ್ಲಿ ಅಧಿಕಾರಿಗಳ ತಪ್ಪು ಕಂಡಿರಬೇಕು, ಮಂತ್ರಿಯದ್ದಲ್ಲ. ಬೋರಿಸ್ ಜಾನ್ಸನ್ ಮೊದಲು 1998ರಲ್ಲಿ 'ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯು' ಕಾರ್ಯಕ್ರಮಕ್ಕೆ ಬಂದು ತಡವರಿಸಿ ನಗಿಸಿದರು. ಮುಂದೆ ಅದರ ನಿರೂಪಣೆಯನ್ನೂ ಮಾಡಿದರು. 2019ರಲ್ಲಿ ಪ್ರಧಾನಿಯಾದರು. ಅವರನ್ನು ಮನೆಮಾತು ಮಾಡಿದ್ದರಲ್ಲಿ ಆ ನಗುವಿನ ಪಾಲೂ ಇದೆ ಅಂತ ಇಲ್ಲಿ ಹೇಳುವವರು ಜಾಸ್ತಿ. ನನಗೂ ಹಾಗೇ ಅನ್ನಿಸುತ್ತದೆ. ಮನುಷ್ಯ ತಮಾಷೆಯಾಗಿ ಕಂಡಮೇಲೆ ಅವನ ಕೆಲಸದ ಲೆಕ್ಕ ಕೇಳಲು ಮನಸ್ಸು ಬರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ ಕೇಳಿದರೆ ಆಶ್ಚರ್ಯಪಡುತ್ತೀರಿ. ಇಲ್ಲಿನ ಸಂಸತ್ತಿನ ಕೆಳಮನೆಗೆ ಟಿವಿ ಕ್ಯಾಮೆರಾ ಬಂದದ್ದು 1989ರಲ್ಲಿ. ಆದರೆ ಒಳಗೆ ತೆಗೆದ ದೃಶ್ಯವನ್ನು ಹಾಸ್ಯ, ವಿಡಂಬನೆಗೆ ಬಳಸಬಾರದು ಅಂತ ನಿಯಮ! ಗೊಂಬೆ ಮಾಡಬಹುದು, ನಟರನ್ನು ಇಟ್ಟು ಆಡಿಸಬಹುದು, ಆ ಮನೆಯ ಚಿತ್ರ ಮಾತ್ರ ಮುಟ್ಟುವ ಹಾಗಿಲ್ಲ. ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಜನರ ಹೆಸರಿನಲ್ಲಿ ಆಡಿದ ಮಾತು ಜನರದ್ದೇ ಅಲ್ಲವಾ?

ಮುಂದಿನ ಸಲ ಬರುವಾಗ ಆ ಆಸ್ಪತ್ರೆಯ ಕಂತನ್ನು ತರುತ್ತೇನೆ. ಒಟ್ಟಿಗೆ ಕೂತು ನೋಡೋಣ. ನಡುನಡುವೆ ನಿಲ್ಲಿಸಿ ನಿಮ್ಮ ಆಫೀಸಿನಲ್ಲಿ ಇದೆಲ್ಲ ಹೇಗೆ ನಡೆಯುತ್ತಿತ್ತು ಅಂತ ಹೇಳಬೇಕು. ಸರ್ ಹಂಫ್ರಿಯ ಪರವಾಗಿ ನೀವು ವಾದ ಮಾಡುತ್ತೀರಿ ಅಂತ ನನಗೆ ಗೊತ್ತು. ಮಾಡಿ, ನನಗೆ ಆ ಕಡೆಯದ್ದೂ ಕೇಳಬೇಕಾಗಿದೆ.

ಅಮ್ಮನಿಗೆ, ತಮ್ಮನಿಗೆ ನನ್ನ ನೆನಪು ತಿಳಿಸಿ.

ನಿಮ್ಮ ಮಗಳು