ಸೆಂಡರ್ ಹೊಸದು, ಮುಳ್ಳು ಹೇಳೋದು ಅದೇ ಹಳೇ ಸುಳ್ಳು

ಸರ್ವಿಸ್ ಮ್ಯಾನೇಜರ್ ಅವರಿಗೆ, ಹುಬ್ಬಳ್ಳಿಯಿಂದ ನಮಸ್ಕಾರ.

ನಮ್ಮ ಕೆರೆ ಬೋಟಿನ 60 ಎಚ್‌ಪಿ ಮೋಟರನ್ನು ಹೋದ ತಿಂಗಳು ಅರಬೈಲ್ ಘಾಟಿ ಇಳಿಸಿ ಕಾರವಾರಕ್ಕೆ ನಿಮ್ಮಲ್ಲಿಗೆ ಕಳಿಸಿದ್ದೆ. ಮೋಟರ್ ಎಷ್ಟು ಎತ್ತಿದೆ ಅಂತ ತೋರಿಸೋ ಟ್ರಿಮ್ ಗೇಜಿನ ಮುಳ್ಳು ಅಲ್ಲಾಡ್ತಿರಲಿಲ್ಲ, ಅಷ್ಟೇ ತೊಂದರೆ. ನೀವು ಸೆಂಡರ್, ಅಂದ್ರೆ ಮೋಟರ್ ಎಷ್ಟು ಎತ್ತಿದೆ ಅಂತ ಗೇಜಿಗೆ ತಿಳಿಸೋ ಭಾಗ, ಬದಲಿಸಿದಿರಿ. ಬಿಲ್ಲಿನಲ್ಲಿ ‘ಫಿಟ್ಟಿಂಗ್ ಮತ್ತು ಅಡ್ಜಸ್ಟ್‌ಮೆಂಟ್’ ಅಂತ 1,500 ರೂಪಾಯಿ ಬೇರೆ. ಗೇಜ್ ಇರೋದು ಬೋಟಿನ ಡ್ಯಾಶ್‌ಬೋರ್ಡಿನಲ್ಲಿ, ಬೋಟ್ ನಿಂತಿದ್ದು ಇಲ್ಲಿ ನಮ್ಮ ಕೆರೇಲಿ. ಮುಳ್ಳು ನೋಡದೆ ಅದೇನು ಹೊಂದಿಸಿದಿರಿ? ಸೆಂಡರಿಗೆ ಮಲ್ಟಿಮೀಟರ್ ಹಿಡಿದು ನೋಡಿದ್ವಿ ಅಂದಿದ್ದರೂ ನಂಬ್ತಿದ್ದೆ.

ಮೋಟರ್ ಕೂರಿಸಿದ ಮೊದಲನೇ ದಿನವೇ ಗೊತ್ತಾಯಿತು. ಪೂರ್ತಿ ಕೆಳಗಿಳಿಸಿದರೂ ಮುಳ್ಳು ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಹುಡುಗ ಅದನ್ನೇ ನಂಬಿ, ಮೋಟರ್ ಅರ್ಧ ಎತ್ತಿದೆ ಅಂದ್ಕೊಂಡು ದಡದ ಕಡೆ ತಂದ. ಬೇಸಿಗೆ, ದಡದಲ್ಲಿ ಮೊಣಕಾಲುದ್ದ ನೀರು. ಪ್ರೊಪೆಲ್ಲರ್ ಸೀದಾ ಕೆಸರಿಗೆ ನುಗ್ಗಿ, ಅಂತರಗಂಗೆ ಬೇರು ಜಡೆ ಹೆಣೆದಂಗೆ ಸುತ್ತಿಕೊಂಡಿತ್ತು. ಕುಡುಗೋಲಿನಿಂದ ಕೊಯ್ದು ತೆಗೆಯೋಕೆ ಒಂದು ತಾಸು ಹಿಡಿಯಿತು.

ನಿಮಗೆ ಫೋನ್ ಮಾಡಿದರೆ ‘ಗೇಜೂ ಹೋಗಿದೆ, ಹೊಸದು ಹಾಕಿಸಿ’ ಅಂದಿರಿ. ಸುಮ್ನೆ ಒಂದು ಸಲ ನೋಡೋಣ ಅಂತ ಮೋಟರನ್ನು ಮೇಲೆತ್ತಿ, ಕೆಳಗೆ ಬೀಳದಂಗೆ ಟಿಲ್ಟ್ ಲಾಕ್ ಹಾಕಿ, ಮೋಟರನ್ನು ಬೋಟಿಗೆ ಹಿಡಿದಿಡೋ ಬ್ರಾಕೆಟ್ ಒಳಗೆ ಟಾರ್ಚ್ ಬಿಟ್ಟೆವು. ಸೆಂಡರಿನ ಎರಡು ಸ್ಕ್ರೂ ಉದ್ದನೆ ತೂತಿನ ಒಂದೇ ತುದಿಗೆ ಅಂಟಿಕೊಂಡಿದ್ದವು, ಡಬ್ಬಿಯಿಂದ ತೆಗೆದು ಹಾಗೇ ಬಿಗಿದಿರಬೇಕು. ಆ ಸ್ಕ್ರೂ ಸಡಿಲಿಸಿ ಸೆಂಡರ್ ಸ್ವಲ್ಪ ತಿರುಗಿಸೋದು, ಬಿಗಿಯೋದು, ಮೋಟರ್ ಇಳಿಸಿ ಮುಳ್ಳು ನೋಡೋದು, ಸರಿಯಿಲ್ಲ ಅಂದ್ರೆ ಮತ್ತೆ ಎತ್ತೋದು, ಯಾಕಂದ್ರೆ ಮೋಟರ್ ಕೆಳಗಿದ್ದಾಗ ಅಲ್ಲಿಗೆ ಸ್ಕ್ರೂಡ್ರೈವರ್ ಹೋಗಲ್ಲ. ಮೂರು ಸಲ ಎತ್ತಿಳಿಸಿದೆವು, ಮುಳ್ಳು ಸರಿಯಾಗಿ ಕೆಳಗೆ ಬಂತು. ಗೇಜ್ ಹಳೇದೇ. ಚೆನ್ನಾಗಿದೆ.

ಸೆಂಡರಿನ ದುಡ್ಡು ಕೇಳ್ತಿಲ್ಲ, ಅದು ನಿಜವಾಗಲೂ ಹಾಳಾಗಿತ್ತು. ಮಾಡದ ಕೆಲಸಕ್ಕೆ ತಗೊಂಡ 1,500 ವಾಪಸ್ ಕೊಡಿ. ಹೊಸ ಗೇಜ್ ಕೊಳ್ಳಿ ಅಂತ ಯಾವ ಆಧಾರದ ಮೇಲೆ ಹೇಳಿದಿರಿ ಅನ್ನೋದನ್ನೂ ಬರೆದು ಕಳಿಸಿ. ಹದಿನೈದು ದಿನ ಕಾಯ್ತೇನೆ. ಕಾರವಾರಕ್ಕೆ ಯಾರು ಅಲೆಯೋರು ಅಂದ್ಕೊಂಡು ಸುಮ್ಮನಿರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕ ತಾನಿರೋ ಜಿಲ್ಲೇಲೇ ದೂರು ಕೊಡಬಹುದು, ನಮ್ಮ ಜಿಲ್ಲಾ ಕೇಂದ್ರ ಧಾರವಾಡ ನನಗೆ 20 ಕಿಲೋಮೀಟರ್.